ಬೀರುವಿನಲ್ಲಿ ಸಿಕ್ಕಿದ ನೇರಳೆ ಕೂದಲು

ದೀಪಾವಳಿಗೆಂದು ಬೇಸ್‌ಮೆಂಟ್ ಗುಡಿಸುತ್ತಿದ್ದಾಗ ಮಗಳ ಹಳೆಯ ಬೀರುವಿನಲ್ಲಿ ನೇರಳೆ ಬಣ್ಣದ ವಿಗ್ಗೊಂದು ಸಿಕ್ಕಿತು. ಅದರ ಕೆಳಗೆ ಬೆಳ್ಳಿ ಬಣ್ಣ ಬಳಿದ ರಟ್ಟಿನ ಕತ್ತಿ, ಅರ್ಧ ಹೊಲಿದ ಒಂದು ಕೋಟು. ಗಂಡ ಹೆಂಡತಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಕಾಲೇಜಿನಿಂದ ಬಂದವಳನ್ನು ಕೇಳಿದರೆ, "ಮೊದಲು ಇದನ್ನು ನೋಡಿ, ಆಮೇಲೆ ಬೇಕಾದರೆ ಬೈಯಿರಿ" ಎಂದು ಟೀವಿಯಲ್ಲಿ ಜಪಾನಿ ಕಾರ್ಟೂನೊಂದನ್ನು ಹಾಕಿದಳು. ಕಾರ್ಟೂನ್ ಅನ್ನಬಾರದಂತೆ, ಆನಿಮೆ ಅನ್ನಬೇಕಂತೆ.

ಹೆಸರು 'ವೊತಾಕೊಯಿ'. ಫುಜಿತಾ ಎಂಬುವರ ಕಾಮಿಕ್ಸ್ ಆಧರಿಸಿ 2018ರಲ್ಲಿ ಜಪಾನಿನ ಟೀವಿಯಲ್ಲಿ ಬಂದದ್ದು, ಒಟ್ಟು 11 ಕಂತು. ನಾಯಕಿ ನರುಮಿ ಹೊಸ ಆಫೀಸಿಗೆ ಸೇರುತ್ತಾಳೆ. ಅವಳಿಗೊಂದು ಗುಟ್ಟು: ಅವಳು ಒಟಾಕು. ಈ ಮಾತಿಗೆ ಮೂಲದಲ್ಲಿ 'ತಮ್ಮ ಮನೆ' ಎಂದರ್ಥ, ನಮ್ಮ 'ತಾವು' ಥರ ಮರ್ಯಾದೆಗೂ ಬಳಸುತ್ತಾರೆ. ಕಾಮಿಕ್ಸ್, ಆನಿಮೆಗಳ ಹುಚ್ಚಿನವರು ತಮ್ಮತಮ್ಮಲ್ಲಿ ಹೀಗೆ ಕರೆದುಕೊಳ್ಳುವುದನ್ನು ಕಂಡು, 1983ರಲ್ಲಿ ನಕಾಮೊರಿ ಅಕಿಯೊ ಎಂಬ ಲೇಖಕ ಅದನ್ನೇ ಅವರಿಗೆ ಅಡ್ಡಹೆಸರಾಗಿ ಇಟ್ಟು ಗೇಲಿ ಮಾಡಿದ. ಅಂಟಿಕೊಂಡೇಬಿಟ್ಟಿತು.

ಹಿಂದಿನ ಆಫೀಸಿನಲ್ಲಿ ಗುಟ್ಟು ತಿಳಿದ ಪ್ರಿಯಕರ ನರುಮಿಯನ್ನು ಕೈಬಿಟ್ಟಿದ್ದ. ಆ ಕೆಲಸವನ್ನೂ ಬಿಟ್ಟು ಬಂದಿದ್ದಾಳೆ. ಇಲ್ಲಾದರೂ ಜಾಣೆಯಾಗಿ ಇರೋಣವೆಂದರೆ, ಬಾಲ್ಯದ ಗೆಳೆಯ ಹಿರೊತಾಕ ಎದುರಾಗಬೇಕೆ! "ಕಾಮಿಕೆಟ್‌ಗೆ ಹೋಗ್ತೀಯಾ?" ಎಂದು ಎಲ್ಲರ ಮುಂದೆಯೇ ಕೇಳಿಬಿಡುತ್ತಾನೆ. ಕಾಮಿಕೆಟ್ ಎಂದರೆ 1975ರಲ್ಲಿ ಟೋಕಿಯೋದಲ್ಲಿ ಶುರುವಾದ ಸಂತೆ. ನಮ್ಮ ಈ ಜೆರಾಕ್ಸ್ ಪತ್ರಿಕೆಯ ಹಾಗೆ, ಅಭಿಮಾನಿಗಳೇ ಬರೆದು, ಚಿತ್ರ ಬಿಡಿಸಿ, ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿದ ಪುಸ್ತಕಗಳನ್ನು ಅಲ್ಲಿ ಮಾರುತ್ತಾರೆ. ಆ ಪ್ರಶ್ನೆ ಕೇಳಿ ನರುಮಿಯ ಮುಖ ನೋಡಬೇಕು! ನಕ್ಕು ನಕ್ಕು ನಮ್ಮ ಚಹಾ ಚೆಲ್ಲಿತು.

ಹಿರೊತಾಕನೂ ಒಟಾಕುವೇ, ವೀಡಿಯೋ ಗೇಮ್ ಹುಚ್ಚು. ಆದರೆ ಯಾರಿಗೆ ತಿಳಿದರೂ ಅವನಿಗೇನೂ ಇಲ್ಲ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಹಾಗಾದರೆ ನಾನೇ ಆಗಬಹುದಲ್ಲ ಎಂದು ಮೊದಲ ಕಂತಿನಲ್ಲೇ ಕೇಳುತ್ತಾನೆ, ಅವಳೂ ಒಪ್ಪುತ್ತಾಳೆ. ಇಷ್ಟು ಬೇಗವೇ ಎನ್ನಿಸಿತು. ಆದರೆ ಉಪ್ಪಿಟ್ಟಿಗೂ ಕಾಫಿಗೂ ನಡುವೆ ಒಬ್ಬರನ್ನೊಬ್ಬರು ಒಪ್ಪಿಕೊಂಡ ನಾವು ಅದನ್ನು ಆಡುವಂತಿಲ್ಲ. ಗೇಮುಗಳ ಹಾಸ್ಯ ಅರ್ಧ ತಲೆಯ ಮೇಲೆ ಹೋಯಿತು. ನರುಮಿಗೆ ಗಂಡು ಗಂಡಿನ ಪ್ರೇಮಕಥೆಗಳೆಂದರೆ ಪ್ರಾಣ ಎಂದು ಮಗಳು ವಿವರಿಸಿದಾಗ ನಾವು ಗೋಡೆ ಗಡಿಯಾರ ನೋಡಿದೆವು. ಅದೇ ಆಫೀಸಿನ ಇನ್ನೊಂದು ಜೋಡಿ ಕಬಾಕುರ, ಕೊಯನಗಿ; ಆಕೆ ಗಂಡು ವೇಷ ಹಾಕುವುದರಲ್ಲಿ ನಿಪುಣೆ. ಅವರಿಬ್ಬರ ಜಗಳ ತಿಳಿಯಲು ನಮಗೆ ಸಬ್‌ಟೈಟಲ್ ಬೇಕಾಗಲಿಲ್ಲ.

ಎರಡನೆಯ ಕಂತು ಮುಗಿದಾಗ ಕೇಳಿದೆವು: "ನೀನೂ ಕಾಲೇಜಿನಲ್ಲಿ ಹೀಗೇ ಮುಚ್ಚಿಡ್ತೀಯೇನೇ?"

"ಅಲ್ಲಿ ಎಲ್ಲರಿಗೂ ಗೊತ್ತು. ನಿಮ್ಮಿಬ್ಬರಿಗೆ ಮಾತ್ರ ಹೇಳಿರಲಿಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನರುಮಿ ಹೆದರುವ ಆ ಆಫೀಸು ನಮ್ಮ ಮನೆಯೇ ಆಗಿತ್ತು. ಹೈಸ್ಕೂಲಿನಲ್ಲಿದ್ದಾಗ ಅವಳ ಚಿತ್ರದ ಪುಸ್ತಕ ಕಂಡು, "ಇದರಿಂದ ಗ್ರೇಡ್ ಬರುತ್ತಾ?" ಎಂದು ಕೇಳಿದ್ದು ನೆನಪಾಯಿತು. ಕೇಳಿದವರು ನಮ್ಮಲ್ಲಿ ಯಾರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಅದೇ ಬೇಸ್‌ಮೆಂಟಿನ ಇನ್ನೊಂದು ಮೂಲೆಯಲ್ಲಿ ರಟ್ಟಿನ ಗದೆಯೊಂದಿದೆ. ಸಂಘದ ರಾಜ್ಯೋತ್ಸವದ ನಾಟಕದಲ್ಲಿ ನಮ್ಮಲ್ಲೊಬ್ಬರು ದುರ್ಯೋಧನನಾಗಿದ್ದು ನಿಮಗೆಲ್ಲ ಗೊತ್ತೇ ಇದೆ. ಸೋಮವಾರ ಆಫೀಸಿನಲ್ಲಿ ವೀಕೆಂಡ್ ಹೇಗಿತ್ತು ಎಂದು ಕೇಳಿದರೆ ಆ ಮಹಾಶಯರು, "ಅಂಗಳದ ಎಲೆ ಗುಡಿಸಿದೆವು" ಎನ್ನುತ್ತಾರೆ. ಮಗಳು ಗದೆಯನ್ನು ತಿರುಗಿಸಿ ನೋಡಿ, "ಬಣ್ಣ ಕಿತ್ತು ಬಂದೇ ಇಲ್ಲವಲ್ಲ ಅಪ್ಪ, ಕೆಳಗೆ ಏನು ಬಳಿದಿದ್ದೆ?" ಎಂದಳು. ಕೋಟಿನ ತೋಳು ಬಿಚ್ಚಿ ಮತ್ತೆ ಹೊಲಿಯುವ ಕೆಲಸ ಅಮ್ಮನ ಪಾಲಿಗೆ ಬಂತು.

ಅವಳು ಹೊರಡುವ ಹೊತ್ತಿಗೆ ನಾಲ್ಕು ಕಂತು ಮುಗಿದಿದ್ದವು. ಉಳಿದದ್ದು ಕ್ರಿಸ್‌ಮಸ್ ರಜೆಯಲ್ಲಿ, ಒಟ್ಟಿಗೇ ನೋಡಬೇಕೆಂದು ಕಟ್ಟಪ್ಪಣೆಯಾಗಿದೆ. ಐದನೆಯದನ್ನು ನಾವು ಮೊನ್ನೆ ರಾತ್ರಿ ನೋಡಿಬಿಟ್ಟೆವು. ಅವಳು ಸಿಕ್ಕರೆ ದಯವಿಟ್ಟು ಹೇಳಬೇಡಿ.