ಪುಟ್ಟಿಯ ಕೆಳಗಿನ ತುಕ್ಕು

ಸೋಮನಹಳ್ಳಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಅಪ್ಪನ ಯೆಜ್ಡಿ ರೋಡ್‌ಕಿಂಗ್ ಹನ್ನೆರಡು ವರ್ಷ ನಿಂತೇ ಇತ್ತು. ಅದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. 1960ರ ದಶಕದ ಆರಂಭದಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳನ್ನು ತಯಾರಿಸುತ್ತಿದ್ದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಪ್ಪ ಗುಜರಿಗೆ ಕೊಡಲು ಹೊರಟಾಗ ನಾನು ತಡೆದೆ. "ಎಂಜಿನ್ ಮೆಕ್ಯಾನಿಕ್ ನೋಡ್ಕೊಳ್ಳಲಿ. ಬಾಡಿ ಕೆಲಸ ನಾನೇ ಮಾಡ್ತೀನಿ ಅಪ್ಪ" ಎಂದೆ. ಅದೇ ತಿಂಗಳು ನನ್ನ ಬೋಧನಾಭ್ಯಾಸವೂ ಶುರುವಾಯಿತು.

ಹಿಂದಿನ ಮಡ್‌ಗಾರ್ಡಿನ ಅಂಚು ತುಕ್ಕಿನಿಂದ ಪದರ ಪದರವಾಗಿ ಎದ್ದಿತ್ತು. ಮೇಲೆ ಮೇಲೆ ಉಪ್ಪುಕಾಗದ ಉಜ್ಜಿ, ಗುಳಿಗಳಿಗೆ ಪುಟ್ಟಿ ತುಂಬಿದೆ. ನೀರು ಹಾಕಿಕೊಂಡು ವಾಟರ್ ಪೇಪರಿನಿಂದ ನಯ ಮಾಡಿ, ಅಂದು ಸಂಜೆಯೇ ಕಪ್ಪು ಬಣ್ಣ ಹೊಡೆದೆ. ಕನ್ನಡಿಯಂತೆ ಹೊಳೆಯಿತು. ಅಪ್ಪ ಬೀದಿಯವರನ್ನೆಲ್ಲ ಕರೆದು ತೋರಿಸಿದರು.

ಆ ವಾರ ಹತ್ತನೇ ತರಗತಿಗೆ ಲೋಹಗಳ ನಶಿಸುವಿಕೆಯ ಪಾಠ. ಮೂರು ಪ್ರನಾಳಗಳಲ್ಲಿ ಮೊಳೆಗಳನ್ನು ಮೊದಲೇ ಇಟ್ಟಿದ್ದೆ. ಒಂದರಲ್ಲಿ ನೀರು ಮತ್ತು ಗಾಳಿ, ಇನ್ನೊಂದರಲ್ಲಿ ಕುದಿಸಿದ ನೀರಿನ ಮೇಲೆ ಎಣ್ಣೆ, ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್. ಮೊದಲನೆಯದರಲ್ಲಿ ಮಾತ್ರ ತುಕ್ಕು. ಗಾಳಿ ಮತ್ತು ನೀರು ಎರಡೂ ಬೇಕು, ಬಣ್ಣ ಬಳಿದರೆ ಎರಡೂ ತಾಗುವುದಿಲ್ಲ ಎಂದು ಕಪ್ಪುಹಲಗೆಯಲ್ಲಿ ಬರೆದೆ.

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಮಿಸ್, ಕಬ್ಬು ಹೊಡೆಯೋ ನಮ್ಮ ಟ್ರೈಲರ್‌ಗೆ ವರ್ಷಾವರ್ಷ ಬಣ್ಣ ಹೊಡೀತಾರೆ. ಆದ್ರೂ ಬಣ್ಣದ ಕೆಳಗಿಂದ್ಲೇ ತುಕ್ಕು ಏಳ್ತದೆ. ಅಲ್ಲಿಗೆ ನೀರು ಹೆಂಗೆ ಹೋಗ್ತದೆ?"

ಗಡಿಯಾರ ನೋಡಿದೆ. ಮೌಲ್ಯಮಾಪನದ ಹಂತಕ್ಕೆ ಏಳೇ ನಿಮಿಷ ಉಳಿದಿತ್ತು. "ಸರಿಯಾಗಿ ಹೊಡೆದಿರಲ್ಲ ಅಷ್ಟೆ, ಕೂತ್ಕೊ" ಎಂದೆ. ತರಗತಿ ನಕ್ಕಿತು. ಹುಡುಗ ಕೂತ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು "ಕಾಲ ನಿರ್ವಹಣೆ ಉತ್ತಮ" ಎಂದು ಬರೆದರು. ಆ ಎರಡು ವಾರ ಅವನು ಮತ್ತೆ ಕೈ ಎತ್ತಲಿಲ್ಲ. ನಾನು ಅದನ್ನು ಗಮನಿಸಲೂ ಇಲ್ಲ.

ಮೂರನೇ ವಾರ ಮಡ್‌ಗಾರ್ಡಿನ ಮೇಲೆ ಗುಳ್ಳೆಗಳೆದ್ದವು. ಉಗುರಿನಿಂದ ಒತ್ತಿದರೆ ಬಣ್ಣ ಪುಟ್ಟಿ ಸಮೇತ ಕಿತ್ತು ಬಂತು. ಒಳಗೆ ಕಂದು ಪುಡಿ. ಅದನ್ನು ಮದ್ದೂರಿನಲ್ಲಿ ಟಿಂಕರಿಂಗ್ ಮಾಡುವ ಚಾಚಾ ಹತ್ತಿರ ಒಯ್ದೆ. ಅವರು ಮಡ್‌ಗಾರ್ಡನ್ನು ಮಗುಚಿ, ಒಳಬದಿಯ ಅಂಚಿನಲ್ಲಿ ಗಟ್ಟಿಯಾಗಿದ್ದ ಮಣ್ಣು ತೋರಿಸಿದರು.

"ನೋಡಮ್ಮ, ಹೊರಗಡೆ ಮಾತ್ರ ನೋಡಿದ್ದೀಯ. ತುಕ್ಕು ಒಳಗಿಂದ ಬಂದಿದೆ. ಪುಟ್ಟಿ ನೀರು ಕುಡೀತದೆ. ಅದನ್ನ ಒಣಗಿದ್ದಂಗೇ ಉಜ್ಜಬೇಕು. ನೀನು ನೀರು ಕುಡಿಸಿ ಮೇಲೆ ಬಾಗಿಲು ಹಾಕಿದ್ದೀಯ."

ಹುಡುಗನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಅಲ್ಯೂಮಿನಿಯಂ ಆಕ್ಸೈಡಿನ ಪದರ ಲೋಹಕ್ಕೆ ಅಂಟಿ ನಿಂತು ಅದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲ, ರಂಧ್ರಮಯ, ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಮೇಲೆತ್ತುತ್ತದೆ. ಎದ್ದ ಬಣ್ಣ ಬಿರಿದರೆ ಇನ್ನಷ್ಟು ನೀರಿಗೆ ದಾರಿ.

ಎರಡನೇ ಸಲ ನಿಧಾನವಾಗಿ ಮಾಡಿದೆ. ಮಾಸ್ಕ್ ಹಾಕಿಕೊಂಡು, ತಂತಿ ಬ್ರಷ್ಷಿನಿಂದ ಎರಡೂ ಬದಿ ಬಿಳಿ ಲೋಹ ಕಾಣುವವರೆಗೆ ಉಜ್ಜಿದೆ. ತೂತಾದ ಭಾಗ ಕತ್ತರಿಸಿ ಚಾಚಾ ತಗಡು ಬೆಸೆದುಕೊಟ್ಟರು. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ, ಒಣಗಿದ ಮೇಲೆ ಥಿನ್ನರಿನಿಂದ ಒರೆಸಿ ಅದೇ ದಿನ ಪ್ರೈಮರ್. ಪುಟ್ಟಿ ತೆಳ್ಳಗೆ, ಬೇಕಾದಷ್ಟೇ. ಒಳಬದಿಗೂ ಬಣ್ಣ. ಪೆಟ್ರೋಲ್ ಟ್ಯಾಂಕನ್ನು ಮಾತ್ರ ನಾನು ಮುಟ್ಟಲಿಲ್ಲ. ಖಾಲಿ ಟ್ಯಾಂಕಿನಲ್ಲೂ ಆವಿ ಉಳಿದು, ಬೆಸುಗೆಯ ಕಿಡಿಗೆ ಸಿಡಿಯಬಹುದು.

ಪ್ರೈಮರ್ ಹೊಡೆಯುವ ಮೊದಲು, ಕತ್ತರಿಸಿ ತೆಗೆದ ತುಂಡನ್ನೂ ಕಿತ್ತು ಬಂದ ಪುಟ್ಟಿಯನ್ನೂ ತರಗತಿಗೆ ಒಯ್ದೆ. ಅಂದೂ ವೀಕ್ಷಣೆ ಇತ್ತು. ಪಾಠ ಯೋಜನೆಯಲ್ಲಿ ಮಿಶ್ರಲೋಹಗಳಿದ್ದವು. "ಅವತ್ತು ನೀನು ಕೇಳಿದ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ" ಎಂದು ಆ ಹುಡುಗನಿಗೆ ಹೇಳಿದೆ. ಧ್ವನಿ ನಡುಗಿತು. ತುಂಡು ಬೆಂಚಿನಿಂದ ಬೆಂಚಿಗೆ ಹೋಯಿತು. ಅವನು ಅದನ್ನು ಮಗುಚಿ, ಅಂಚಿನ ಮಣ್ಣನ್ನು ಕೆರೆದು, "ನಮ್ಮ ಟ್ರೈಲರ್‌ಗೂ ಒಳಗಡೆ ಬಣ್ಣ ಹೊಡೆಯಲ್ಲ ಮಿಸ್" ಎಂದ.

ಗಂಟೆ ಬಾರಿಸಿದಾಗ ಮಿಶ್ರಲೋಹ ಅರ್ಧವೂ ಮುಗಿದಿರಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ "ಯೋಜನೆಯಂತೆ ಪಾಠ ಪೂರ್ಣಗೊಂಡಿಲ್ಲ" ಎಂದಿತ್ತು. ಅಂಕವೂ ಕಡಿಮೆ. ಅದು ನ್ಯಾಯವೇ. ಆದರೆ "ಉತ್ತಮ" ಎಂದಿದ್ದ ಹಿಂದಿನ ಪುಟಕ್ಕಿಂತ ಈ ಪುಟವನ್ನೇ ನಾನು ಹೆಚ್ಚು ಸಲ ತಿರುವಿ ನೋಡಿದ್ದೇನೆ. ಈಗ ಯೋಜನೆ ಬರೆಯುವಾಗ ಕೊನೆಯ ಐದು ನಿಮಿಷ ಖಾಲಿ ಬಿಡುತ್ತೇನೆ, ಹಿಂದಿನ ಬೆಂಚಿಗೆ.

ಗಾಡಿಯ ಮುಂದಿನ ಮಡ್‌ಗಾರ್ಡ್ ಇನ್ನೂ ಬಾಕಿ ಇದೆ. ಅದನ್ನು ಮೊದಲು ಮಗುಚಿ ನೋಡಿದ್ದೇನೆ.