ಮುಚ್ಚಿಟ್ಟ ದೋಷ ಮತ್ತು ಕೊಂಡವನ ಹಕ್ಕು

ಪ್ರವಾದಿ ಮುಹಮ್ಮದ್(ಸ)ರ ಸಂಗಾತಿ ವಾಸಿಲಾ ಬಿನ್ ಅಸ್ಖ(ರ)ರ ಒಂದು ಘಟನೆ ಮುಸ್ನದ್ ಅಹ್ಮದ್‌ನಲ್ಲಿ ವರದಿಯಾಗಿದೆ. ಒಬ್ಬರು ಒಂಟೆಯೊಂದನ್ನು ಕೊಂಡು ಹೊರಟಿದ್ದರು. ವಾಸಿಲಾ ಅವರ ಹಿಂದೆಯೇ ಧಾವಿಸಿ ಬಂದು, ಅದರ ಲೋಪವನ್ನು ನಿಮಗೆ ತಿಳಿಸಿದ್ದಾರೆಯೇ ಎಂದು ವಿಚಾರಿಸಿದರು. ಒಂಟೆ ನೋಡಲು ಪುಷ್ಟವಾಗಿತ್ತು. ಮಾಂಸಕ್ಕೋ ಪ್ರಯಾಣಕ್ಕೋ ಎಂದು ಕೇಳಿದಾಗ, ಹಜ್ಜ್ ಯಾತ್ರೆಗೆ ಎಂಬ ಉತ್ತರ ಬಂತು. ಹಾಗಾದರೆ ಹಿಂದಿರುಗಿಸಿರಿ, ಅದರ ಪಾದ ಸವೆದು ತೂತಾಗಿದೆ ಎಂದರು ವಾಸಿಲಾ. ನನ್ನ ವ್ಯಾಪಾರ ಕೆಡಿಸಿದಿರಿ ಎಂದು ಮಾರಿದವನು ಆಕ್ಷೇಪಿಸಿದ. ದೋಷವನ್ನು ತಿಳಿಸದೆ ಮಾರುವುದು ಸಮ್ಮತವಲ್ಲ, ಅದನ್ನು ಬಲ್ಲವನು ಮೌನವಾಗಿರುವುದೂ ಸಮ್ಮತವಲ್ಲ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಅವರು ಮುಂದಿಟ್ಟರು.

ಒಂಟೆಯ ಸ್ಥಾನದಲ್ಲಿ ಇಂದು ಕಾರು ನಿಂತಿದೆ. ಓಕಳಿಪುರಂನಲ್ಲಿರುವ ನನ್ನ ತಮ್ಮ, ನಮ್ಮ ಸಮುದಾಯದವರೇ ಆದ ವ್ಯಾಪಾರಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಮತ್ತು ಪ್ಯಾಡ್‌ಗಳನ್ನು ಹೊಸದಾಗಿ ಹಾಕಿಸಲಾಗಿದೆ ಎಂದು ಅವರು ಬಿಲ್ಲಿನಲ್ಲಿ ಬರೆದುಕೊಟ್ಟಿದ್ದರು. ಮೂರು ವಾರಗಳಲ್ಲಿಯೇ, ಅಂಡರ್‌ಪಾಸಿನ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ತಳಕ್ಕಿಳಿಯಿತು. ಹೆಂಡತಿ, ಮಕ್ಕಳು ಜೊತೆಗಿದ್ದರು. ಹ್ಯಾಂಡ್ ಬ್ರೇಕಿನಿಂದ ಕಾರು ನಿಂತಿತು, ಅಲ್ಲಾಹನು ಕಾಪಾಡಿದನು. ಬೇರೆ ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದಾಗ ಒಳಗಿದ್ದುದು ಒರೆಸಿ ಕೂರಿಸಿದ ಹಳೆಯ ಭಾಗಗಳೇ, ಸಿಲಿಂಡರ್ ಸೋರುತ್ತಿತ್ತು. ಮೆಕ್ಯಾನಿಕ್ ಹೊಸ ಭಾಗಗಳ ಹಣ ಪಡೆದು ನನಗೇ ಮೋಸ ಮಾಡಿದ್ದಾನೆ, ನಾನೇನು ಮಾಡಲಿ ಎಂದರು ವ್ಯಾಪಾರಿ.

ತಮ್ಮ ದೂರು ಕೊಡಲು ಹೊರಟಾಗ ಬಂಧುಗಳೇ ತಡೆದರು. “ಸಬ್ರ್ ಮಾಡು. ಜುಮಾದಲ್ಲಿ ಮುಖ ನೋಡಬೇಕಾದವರು. ನಮ್ಮವರ ಮೇಲೆ ನಾವೇ ಕೋರ್ಟಿಗೆ ಹೋಗುವುದೇ?” ಎಂದರು ನಮ್ಮ ಮಾಮು. ಆ ಮಾತಿನಲ್ಲಿ ಪ್ರೀತಿಯಿತ್ತು. ಆದರೆ ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 135ನೇ ಸೂಕ್ತವು ನ್ಯಾಯದ ಸಾಕ್ಷ್ಯವು ಸ್ವತಃ ನಮಗೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಅದರಲ್ಲಿ ಸ್ಥಿರವಾಗಿರಲು ಆದೇಶಿಸುತ್ತದೆ. ಅಕ್ರಮಿಯಾದ ಸಹೋದರನಿಗೂ ನೆರವಾಗಬೇಕು, ಅವನನ್ನು ಅಕ್ರಮದಿಂದ ತಡೆಯುವುದೇ ಆ ನೆರವು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಹಣದ ನಷ್ಟವನ್ನು ನನ್ನ ತಮ್ಮ ಕ್ಷಮಿಸಬಹುದು, ಅದು ಅವನ ಹಕ್ಕು. ಆದರೆ ಅದೇ ಅಂಗಡಿಯಿಂದ ನಾಳೆ ಕಾರು ಕೊಳ್ಳುವ ಕುಟುಂಬದ ಪ್ರಾಣಾಪಾಯವನ್ನು ಅವನ ಪರವಾಗಿ ಕ್ಷಮಿಸುವ ಹಕ್ಕು ನಮಗಾರಿಗೂ ಇಲ್ಲ.

ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಇದಕ್ಕೆ ‘ಖಿಯಾರುಲ್ ಐಬ್’ ಎಂಬ ಸ್ಪಷ್ಟ ನಿಯಮವಿದೆ. ಮಾರಾಟಕ್ಕೆ ಮೊದಲೇ ಇದ್ದ, ಕೊಳ್ಳುವಾಗ ತಿಳಿಯದಿದ್ದ ದೋಷ ನಂತರ ಬಯಲಾದರೆ ವಸ್ತುವನ್ನು ಹಿಂದಿರುಗಿಸಿ ಹಣ ಪಡೆಯುವ ಹಕ್ಕು ಕೊಂಡವನಿಗಿದೆ. ಮಾರಿದವನಿಗೆ ದೋಷ ತಿಳಿದಿರಲಿಲ್ಲವೆಂದರೆ ಅವನು ವಂಚನೆಯ ಪಾಪದಿಂದ ಪಾರಾದಾನು, ಹೊಣೆಯಿಂದ ಪಾರಾಗಲಾರನು. ಮೆಕ್ಯಾನಿಕ್‌ನೊಂದಿಗಿನ ಲೆಕ್ಕ ವ್ಯಾಪಾರಿಯದು. ಆದರೆ ದೋಷ ತಿಳಿದ ಬಳಿಕವೂ ವಸ್ತುವನ್ನು ಬಳಸುತ್ತಲೇ ಹೋದರೆ ಅದು ಒಪ್ಪಿಗೆಯೆಂದು ಪರಿಗಣಿತವಾಗುತ್ತದೆ. ಆದುದರಿಂದ ಕಾರನ್ನು ಅಂದೇ ನಿಲ್ಲಿಸಿದೆವು.

ದೇಶದ ಕಾನೂನೂ ಇಲ್ಲಿ ಕೊಂಡವನ ಜೊತೆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೂರಿಗೆ ಕಾರಣ ಉಂಟಾದ 2 ವರ್ಷಗಳೊಳಗೆ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. 1915 ಸಂಖ್ಯೆಗೆ ಕರೆ ಮಾಡಿ ಸಲಹೆ ಪಡೆಯಬಹುದು. ಆದರೆ ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡ ಕಾರಿಗೆ ಈ ಕಾಯಿದೆ ಅನ್ವಯಿಸದು, ಅಲ್ಲಿ ಸಿವಿಲ್ ನ್ಯಾಯಾಲಯವೇ ದಾರಿ.

ಆಯೋಗಕ್ಕೆ ಹೋಗುವ ಮೊದಲು ವ್ಯಾಪಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದೆವು. ಬಿಲ್ಲಿನ ಪ್ರತಿ, ಬಿಚ್ಚಿದ ಭಾಗಗಳ ಚಿತ್ರ, ಎರಡನೆಯ ಗ್ಯಾರೇಜಿನ ಲಿಖಿತ ವರದಿ ಜೊತೆಗಿದ್ದವು. ವ್ಯವಹಾರವನ್ನು ಬರೆದಿಡಿರೆಂದು ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತ ಏಕೆ ಇಷ್ಟು ವಿವರವಾಗಿ ಹೇಳುತ್ತದೆ ಎಂಬುದು ಅಂದು ಮನವರಿಕೆಯಾಯಿತು. ಪತ್ರದಲ್ಲಿ ಆಗದ ನಷ್ಟವನ್ನು ಸೇರಿಸಲಿಲ್ಲ, ಮಸೀದಿಯ ಅಂಗಳದಲ್ಲಿ ಅವರ ಹೆಸರೆತ್ತಲಿಲ್ಲ. ಅನ್ಯಾಯಕ್ಕೊಳಗಾದವನಿಗೆ ದೂರುವ ಅನುಮತಿಯಿದೆ. ಸುಳ್ಳು ಬೆರೆಸುವ ಅನುಮತಿಯಿಲ್ಲ. ಹತ್ತು ದಿನಗಳಲ್ಲಿ ವ್ಯಾಪಾರಿ ಮನೆಗೆ ಬಂದು, ರಿಪೇರಿಯ ಪೂರ್ಣ ವೆಚ್ಚ ಕೊಟ್ಟರು. ಕಾರು ನಿಂತಿದ್ದ ದಿನಗಳ ಆಟೋ ಬಾಡಿಗೆಯನ್ನು ತಮ್ಮ ಬಿಟ್ಟುಕೊಟ್ಟ. ಆ ಕ್ಷಮೆಗೆ ಬೆಲೆ ಬಂದುದು ಹಕ್ಕು ಅಂಗೀಕೃತವಾದ ಬಳಿಕ.

ನಮ್ಮ ಸಮುದಾಯದ ಎಷ್ಟೋ ಮನೆಗಳ ಒಲೆ ಉರಿಯುವುದು ಗ್ಯಾರೇಜು ಮತ್ತು ಹಳೆಯ ವಾಹನಗಳ ವ್ಯಾಪಾರದಿಂದ. ಈ ಕಸುಬಿನಲ್ಲಿರುವ ಸಹೋದರರಲ್ಲಿ ನನ್ನ ವಿನಂತಿ ಇಷ್ಟೆ: ಬದಲಿಸಿದ ಹಳೆಯ ಭಾಗವನ್ನು ಗಿರಾಕಿಯ ಕೈಗೆ ಕೊಡಿ, ಬದಲಿಸದ್ದನ್ನು ಬದಲಿಸಿಲ್ಲವೆಂದೇ ಬರೆಯಿರಿ. ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ಲೋಪವನ್ನು ತಿಳಿಸಿದರೆ ಅವರ ವ್ಯವಹಾರದಲ್ಲಿ ಬರಕತ್ ಇದೆಯೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಅಂತಹ ಸಂಪಾದನೆಯನ್ನು ಅಲ್ಲಾಹನು ನಮ್ಮೆಲ್ಲರಿಗೂ ಅನುಗ್ರಹಿಸಲಿ.