ಮೂಗೆತ್ತಿದ ಬೇರುಗಳು

ಬೆಳಗಿನ ಆರೂವರೆ. ಹೊನ್ನಾವರದ ಸೇತುವೆ ದಾಟಿ ಬಂದು ಕಾಸರಕೋಡಿನ ಕಾಂಡ್ಲಾ ವನದ ಮರದ ಹಾದಿಯ ಮೇಲೆ ನಿಂತಿದ್ದೀರಿ. ಆಗಸ್ಟ್ ಕೊನೆಯ ವಾರ. ರಾತ್ರಿಯಿಡೀ ಹೊಯ್ದ ಮಳೆ ಈಗಷ್ಟೇ ಹೊಳವಾಗಿದೆ. ಶರಾವತಿಯ ಅಳಿವೆಯಲ್ಲಿ ನೀರು ಇಳಿದು, ಹಲಗೆಗಳ ಕೆಳಗೆ ಕಪ್ಪು ಕೆಸರು ಹೊಳೆಯುತ್ತಿದೆ. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಅಡರುತ್ತದೆ. ಈ ಕೆಸರಿನೊಳಗೆ ಗಾಳಿಯಾಡುವುದಿಲ್ಲ ಎಂದು ಸಾರುತ್ತಿರುವುದು ಆ ವಾಸನೆಯೇ.

ಗಾಳಿಯಿಲ್ಲದ ಕಡೆ ಬೇರು ಬದುಕುವುದಾದರೂ ಹೇಗೆ? ಬಗ್ಗಿ ನೋಡಿ. ಮರದ ಸುತ್ತ ಕೆಸರಿನಿಂದ ಸಾವಿರಾರು ಪೆನ್ಸಿಲ್ಲುಗಳು ಮೊನೆ ಮೇಲಾಗಿ ಎದ್ದಿವೆ. ಅವು ಸಸಿಗಳಲ್ಲ, ಬೇರುಗಳು. ನೆಲದೊಳಗೆ ಅಡ್ಡಲಾಗಿ ಹರಿದ ಬೇರಿನಿಂದ ಕವಲೊಡೆದು, ತಲೆಕೆಳಗಾದಂತೆ ಆಕಾಶದ ಕಡೆಗೆ ಬೆಳೆದಿವೆ. ಮೈಮೇಲಿನ ಸಣ್ಣ ರಂಧ್ರಗಳಿಂದ ಗಾಳಿ ಎಳೆದುಕೊಂಡು ಕೆಳಗಿನ ಬೇರಿಗೆ ದಾಟಿಸುತ್ತವೆ. ಭರತ ಬಂದಾಗ ಮುಳುಗುತ್ತವೆ, ಇಳಿತಕ್ಕೆ ಮತ್ತೆ ಉಸಿರೆಳೆಯುತ್ತವೆ.

ಪಕ್ಕದ ಇನ್ನೊಂದು ಜಾತಿಯ ಕಾಂಡ್ಲಾ ಗಿಡಕ್ಕೆ ಬೇರೆಯದೇ ಚಿಂತೆ. ಬೀಜ ಕೆಸರಿಗೆ ಬಿದ್ದರೆ ಮೊಳೆಯುವ ಮೊದಲೇ ನೀರು ಹೊತ್ತೊಯ್ಯುತ್ತದೆ. ಹಾಗಾಗಿ ಅದು ಬೀಜವನ್ನು ಕೊಂಬೆಯಲ್ಲೇ ಮೊಳೆಸುತ್ತದೆ. ಎಳೆ ನುಗ್ಗೆಕಾಯಿಯಂತೆ ಜೋತುಬಿದ್ದಿರುವುದು ಕಾಯಲ್ಲ, ಆಗಲೇ ಹುಟ್ಟಿದ ಸಸಿ. ನೀವು ನೋಡುತ್ತಿದ್ದಂತೆ ಒಂದು ಕಳಚಿ ಕೆಸರಿಗೆ ಬೀಳುತ್ತದೆ. ನಾಟಿಕೊಂಡರೆ ಅಲ್ಲೇ ಸಂಸಾರ; ಇಲ್ಲದಿದ್ದರೆ ತೇಲಿಹೋಗಿ ಇನ್ನೊಂದು ದಡ.

ಟಪ್ ಎಂದು ಸದ್ದಾಯಿತು. ಬೆರಳುದ್ದದ ಮೀನೊಂದು ಕೆಸರಿನ ಮೇಲೆ ಕುಪ್ಪಳಿಸಿ ಕೂತಿದೆ. ಹೌದು, ನೀರಿನ ಹೊರಗೇ. ಎದೆಯ ಈಜುರೆಕ್ಕೆಗಳನ್ನು ಮೊಣಕೈಯಂತೆ ಊರಿಕೊಂಡು, ನೆತ್ತಿಯ ಮೇಲಿನ ಗುಡ್ಡೆಗಣ್ಣುಗಳಿಂದ ನಿಮ್ಮನ್ನೇ ದಿಟ್ಟಿಸುತ್ತದೆ. ಆಮೇಲೆ ಒಂದು ಕಣ್ಣನ್ನು ತಲೆಯೊಳಕ್ಕೆ ಎಳೆದುಕೊಂಡು, ಒದ್ದೆ ಮಾಡಿಕೊಂಡು, ಮತ್ತೆ ಹೊರಕ್ಕೆ ಬಿಡುತ್ತದೆ. ಚರ್ಮ ಒದ್ದೆಯಾಗಿದ್ದಷ್ಟು ಹೊತ್ತು ಅದಕ್ಕೆ ಉಸಿರು.

ಈ ತಿಂಗಳು ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿ. ಬೇಸಿಗೆಯಲ್ಲಿ ಕಡಲಿನ ಉಪ್ಪು ಒಳನುಗ್ಗಬೇಕು, ಅದು ಅಳಿವೆಯ ಲೆಕ್ಕ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯದೂ ಬಂತು. ವಿದ್ಯುತ್ತಿಗೆಂದು ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದು ಬಂದು ಆ ಲೆಕ್ಕ ತಪ್ಪಿತು. ಉಪ್ಪು ಬೇಕಿದ್ದ ಚಿಪ್ಪಿನ ಜೀವಿಗಳು ಇಲ್ಲಿ ಕಡಿಮೆಯಾದವು. ಉತ್ತರಕ್ಕೆ, ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದಾಗ ಹೆಂಗಸರು ಬುಟ್ಟಿ ಹಿಡಿದು ಇಂದಿಗೂ ಚಿಪ್ಪು ಹೆಕ್ಕುತ್ತಾರೆ. ಉಪ್ಪನ್ನು ನಾವು ಅಳಿವೆಯ ದೋಷವೆಂದುಕೊಂಡಿದ್ದರೂ ಎಷ್ಟೋ ಜೀವಕ್ಕೆ ಅದೇ ಅನ್ನವಾಗಿತ್ತು.

ಹತ್ತು ಗಂಟೆಗೆ ನೀವು ಚಿರೆಕಲ್ಲಿನ ಬಯಲಿಗೆ ಹತ್ತಿದ್ದೀರಿ. ಕರಾವಳಿಯುದ್ದಕ್ಕೂ ಗುಡ್ಡದ ನೆತ್ತಿಯಲ್ಲಿ ಹರಡಿದ ಇಂಥ ಬಯಲುಗಳು ಬೇಸಿಗೆಯಲ್ಲಿ ಕಾದ ಕಾವಲಿ. ಸರಕಾರಿ ಕಡತದಲ್ಲಿ ಬಂಜರು. ಈಗ ಕಲ್ಲಿನ ಕುಳಿಕುಳಿಯಲ್ಲೂ ನೀರು ನಿಂತಿದೆ. ಮಣ್ಣು ಎಂಬುದು ಬೆರಳ ಗೆಣ್ಣಿನಷ್ಟು ಆಳವೂ ಇಲ್ಲ. ಇದ್ದ ಸಾರವನ್ನೂ ಮಳೆ ತೊಳೆದೊಯ್ದಿದೆ.

ಮೊಣಕಾಲೂರಿ ಕೂತುಕೊಳ್ಳಿ. ನಿಂತವರಿಗೆ ನೇರಳೆ ಮಬ್ಬಿನಂತೆ ಕಂಡದ್ದು ಸಾವಿರಾರು ಪುಟ್ಟ ಹೂಗಳು, ಒಂದೊಂದೂ ಅಕ್ಕಿಕಾಳಿಗಿಂತ ತುಸು ದೊಡ್ಡದು. ಸಸ್ಯಶಾಸ್ತ್ರದವರು ಯುಟ್ರಿಕ್ಯುಲೇರಿಯ ಎನ್ನುವ ಗಿಡ ಇದು. ಮೇಲೆ ಸಾಧು, ಕೆಳಗೆ ಬೇಟೆಗಾರ. ಒದ್ದೆ ಮಣ್ಣಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳನ್ನು ಕಟ್ಟಿಟ್ಟಿದೆ. ಬಾಗಿಲ ಕೂದಲಿಗೆ ನೀರುಹುಳು ತಗುಲಿದರೆ ಸಾಕು, ಕಣ್ಣೆವೆ ಮಿಟುಕುವುದಕ್ಕಿಂತ ಬೇಗ ಬಾಗಿಲು ತೆರೆದು, ನೀರಿನ ಸಮೇತ ಹುಳುವನ್ನು ಒಳಗೆಳೆದು, ಮುಚ್ಚಿಕೊಳ್ಳುತ್ತದೆ. ಮಣ್ಣು ಕೊಡದ ಸಾರಜನಕವನ್ನು ಹುಳುವಿನಿಂದ ಪಡೆಯುವ ದಾರಿ ಇದು. ಮಳೆ ನಿಂತು ಬಯಲು ಒಣಗುವುದರೊಳಗೆ ಹೂ, ಬೀಜ ಎಲ್ಲ ಮುಗಿಯಬೇಕು. ಗೊಬ್ಬರ ಸುರಿದು ಈ ನೆಲವನ್ನು ‘ಉದ್ಧಾರ’ ಮಾಡಿದರೆ ಹುಲ್ಲು ದಟ್ಟವಾಗಿ ಬೆಳೆದು, ಮೊದಲು ಸಾಯುವುದು ಈ ಹೂವೇ.

ಮಧ್ಯಾಹ್ನದ ಮೇಲೆ ಜೋಗದ ರಸ್ತೆ. ಗೇರುಸೊಪ್ಪೆ ದಾಟಿದ ಮೇಲೆ ಘಟ್ಟ ಸುತ್ತಿಕೊಂಡು ಏರುತ್ತದೆ. ಒಂದು ತಿರುವಿನಲ್ಲಿ ಬೆಳಕು ಇದ್ದಕ್ಕಿದ್ದಂತೆ ಇಳಿಯುತ್ತದೆ. ಊರಿನ ಹೆಸರೇ ಕತ್ತಲೆಕಾನು.

ಜೊತೆಗೆ ಬಂದ ಅರಣ್ಯ ಇಲಾಖೆಯ ಕಾವಲುಗಾರರು ಪ್ಯಾಂಟು ಮಡಚಿಕೊಳ್ಳುತ್ತಾರೆ. “ಚಪ್ಪಲಿ ಕೈಯಲ್ಲಿ ಹಿಡ್ಕಳ್ಳಿ ಸರ್. ಉಂಬಳ ಹತ್ತೇ ಹತ್ತುತ್ತೆ, ಹೆದ್ರಬೇಡಿ.” ಹತ್ತು ಹೆಜ್ಜೆಗೆ ನೀರು ಹಿಮ್ಮಡಿಗೆ, ಇಪ್ಪತ್ತಕ್ಕೆ ಮೊಣಕಾಲಿಗೆ. ತಣ್ಣಗಿನ, ತಿಳಿಯಾದ, ನಿಧಾನಕ್ಕೆ ಹರಿಯುವ ನೀರು. ಇದು ರಾಮಪತ್ರೆ ಜಡ್ಡಿ, ಜಾಯಿಕಾಯಿಯ ಕುಲದ ಕಾಡುಮರಗಳ ಜವುಗು. ಬೇಸಿಗೆಯಲ್ಲೂ ಇಲ್ಲಿ ನೆಲ ಒಣಗುವುದಿಲ್ಲ.

ಕಾಲಿಗೆ ಏನೋ ತಾಗಿತು. ಕೈಯಾಡಿಸಿ ನೋಡಿ. ಬೇರು ಕೆಸರಿನಿಂದ ಎದ್ದು, ಮಡಚಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿದಿದೆ. ಅದರಾಚೆ ಇನ್ನೊಂದು, ಮತ್ತೊಂದು. ಪಕ್ಕದ ಮರವಂತೂ ಹತ್ತಾರು ಊರುಗೋಲುಗಳ ಮೇಲೆ ನಿಂತಿದೆ. ಬೆಳಿಗ್ಗೆ ಕಂಡ ಪೆನ್ಸಿಲ್ಲುಗಳು ನೆನಪಾಗುತ್ತವೆ. ಅಲ್ಲಿ ಉಪ್ಪು, ಇಲ್ಲಿ ಸಿಹಿ. ಈ ಮರಕ್ಕೂ ಆ ಮರಕ್ಕೂ ಹತ್ತಿರದ ನೆಂಟಸ್ತಿಕೆಯೇನೂ ಇಲ್ಲ. ಗಾಳಿಯಿಲ್ಲದ ಕೆಸರು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿತ್ತು, ಇಬ್ಬರೂ ಬೇರನ್ನು ಮೇಲೆತ್ತಿ ಉತ್ತರ ಹೇಳಿದ್ದಾರೆ.

ಈ ಮರಗಳ ಬೀಜ ಒಣಗಿದರೆ ಸತ್ತಂತೆ. ಚೀಲದಲ್ಲಿ ತುಂಬಿಟ್ಟು ಬೇಕೆಂದಾಗ ಬಿತ್ತುವ ಜಾತಿಯಲ್ಲ. ಬೀಜದ ಮೇಲಿನ ಕೆಂಪು ಪತ್ರೆಯ ಆಸೆಗೆ ಬರುವ ಮಂಗಟ್ಟೆ ಹಕ್ಕಿ ಅದನ್ನು ನುಂಗಿ, ಬೀಜವನ್ನು ಬೇರೆಡೆ ಉಗುಳಬೇಕು. ಉಗುಳಿದ ಜಾಗವೂ ತಂಪಾಗಿರಬೇಕು. ಹೀಗೆ ಒದ್ದೆ ನೆಲವನ್ನೇ ನಂಬಿದ ಕಾಡಿನಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದ ಜೀವಗಳು ಉಳಿದುಕೊಂಡಿವೆ. ಗೇರಿನ ಕುಟುಂಬದ ಒಂದು ಮರವನ್ನು ವಿಜ್ಞಾನಿಗಳು 2000ದಲ್ಲಿ ಹೊಸ ಪ್ರಭೇದವೆಂದು ದಾಖಲಿಸಿದಾಗ ಅದರ ಹೆಸರಿಗೆ ಈ ಊರನ್ನೇ ಸೇರಿಸಿದರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಇಂಥ ಜವುಗುಗಳಲ್ಲಿ ಎಷ್ಟೋ ಈಗ ಗದ್ದೆ, ಅಡಿಕೆ ತೋಟ. ವರ್ಷವಿಡೀ ನೀರಿರುವ ಕಣಿವೆಯನ್ನು ಯಾರು ತಾನೇ ಬಿಟ್ಟಾರು?

ಕತ್ತಲಾಯಿತು. ಕಾವಲುಗಾರರು ತೊರೆಯ ಬದಿಯಲ್ಲಿ ಕೈಯೆತ್ತಿ ನಿಲ್ಲಿಸುತ್ತಾರೆ. ಟಾರ್ಚಿನ ಅಂಚಿನ ಬೆಳಕಿನಲ್ಲಿ, ನೀರಿನ ಮೇಲೆ ಬಾಗಿದ ಕಡ್ಡಿಯೊಂದರ ಮೇಲೆ ಮೊಟ್ಟೆಗಳ ಸಣ್ಣ ಗುಂಪು. ಅದರ ಬುಡದಲ್ಲಿ ಕಂದು ಬಣ್ಣದ ಕಪ್ಪೆ. ಹಿಂಗಾಲುಗಳ ಮೇಲೆ ಎದ್ದುನಿಂತು, ಮುಂಗೈಗಳಲ್ಲಿ ಕೆಸರು ಬಾಚಿ ಮೊಟ್ಟೆಗಳಿಗೆ ಮೆತ್ತುತ್ತಿದೆ. ಮತ್ತೆ ಬಗ್ಗುತ್ತದೆ, ಮತ್ತೆ ಹಿಡಿಯಷ್ಟು ಕೆಸರು, ಮತ್ತೆ ಸವರುವುದು. ಅವಸರವಿಲ್ಲ. 2014ರಲ್ಲಿ ಇದನ್ನು ಹೊಸ ಪ್ರಭೇದವೆಂದು ಬಣ್ಣಿಸಿದವರಿಗೆ ಹೆಸರು ಹುಡುಕಲು ಕಷ್ಟವಾಗಿರಲಾರದು: ನಿಕ್ಟಿಬ್ಯಾಟ್ರಾಕಸ್ ಕುಂಬಾರ.

ಬೇರಿನ ಉಸಿರು ಕಟ್ಟಿಸುವ ಕೆಸರೇ ಇದರ ಮಕ್ಕಳಿಗೆ ಹೊದಿಕೆ.

“ಬೆಳಕು ಆರ್ಸಿ ಸರ್,” ಕಾವಲುಗಾರರು ಪಿಸುಗುಡುತ್ತಾರೆ. “ಅದ್ರ ಕೆಲ್ಸ ಇನ್ನೂ ಮುಗೀಲಿಲ್ಲ.”

ನೀವು ಆರಿಸುತ್ತೀರಿ. ಕತ್ತಲಲ್ಲಿ ಕೆಸರು ಮೆತ್ತುವ ಸಣ್ಣ ಸದ್ದು ಮುಂದುವರಿಯುತ್ತದೆ.